ಗೆರೆ ಬಾಗಿದ ಜಾಗ

“ಅಕ್ಕಾ, ಇದು ನಮ್ಮೂರ ಕಡಲಲ್ವಾ?”

ತಿರುಪ್ಪೂರಿನಿಂದ ಕೊಯಮತ್ತೂರಿಗೆ ಬರುವ ಬಸ್ಸಿನಲ್ಲಿ, ನನ್ನ ತೊಡೆಯ ಮೇಲಿದ್ದ ನಕ್ಷೆ ನೋಡಿ ಪಕ್ಕದ ಸೀಟಿನ ಹೆಂಗಸು ತಮಿಳಿನಲ್ಲಿ ಕೇಳಿದಳು. ಕಡಲ ದಂಡೆಯ ಊರು ಬಿಟ್ಟು ಬಂದು ಇಲ್ಲಿ ಬನಿಯನ್ ಕಂಪನಿಯಲ್ಲಿ ಹೊಲಿಯುವವಳು. ಸೀರೆಯ ಮೇಲೆಲ್ಲ ದಾರದ ಚೂರುಗಳು. ಸಮುದ್ರದೊಳಗಿನ ಇಂಟರ್ನೆಟ್ ಕೇಬಲ್ ಎಲ್ಲಿ ದಡ ಹತ್ತಬೇಕೆಂದು ಅಳೆದು ನೋಡುವುದು ನನ್ನ ಕೆಲಸ ಎಂದೆ. ನೀರಿನಡಿಯ ನೆಲವೂ ನಮಗೆ ಯಂತ್ರದಲ್ಲಿ ಕಾಣುತ್ತದೆ ಎಂದೂ ಹೇಳಿಬಿಟ್ಟೆ.

ಅವಳು ನಕ್ಷೆಯ ಮೇಲೆ ಬಗ್ಗಿ ನೋಡಿದಳು. ಆಮೇಲೆ, “ದೋಣಿ ಏನಾದ್ರೂ ಕಾಣ್ತಾ ಅಕ್ಕಾ? ಮೀನಿಗೆ ಹೋದ ನಮ್ಮನೆಯವರು ವಾಪಸ್ ಬರ್ಲೇ ಇಲ್ಲ” ಎಂದಳು. ಕೊರಳಲ್ಲಿ ತಾಳಿ ಇನ್ನೂ ಇತ್ತು.

ದೋಣಿಯಷ್ಟು ಉದ್ದದ್ದೇನೋ ಒಂದು ಕಂಡಿತ್ತು. ಅದು ಬಂಡೆಯೋ ದೋಣಿಯೋ ಎಂದು ನಾವು ಕೆದಕುವುದಿಲ್ಲ. ‘ಅಡಚಣೆ’ ಎಂದು ಗುರುತು ಹಾಕಿ, ಕೇಬಲ್ಲಿನ ಗೆರೆಯನ್ನು ಅದರ ಪಕ್ಕದಿಂದ ಬಳಸಿ ಒಯ್ಯುತ್ತೇವೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇಷ್ಟನ್ನೂ ಹೇಳಿ, ಗೆರೆ ಬಾಗಿದ ಜಾಗ ತೋರಿಸಿದೆ.

ಅವಳು ದಡದಿಂದ ಅಲ್ಲಿಯವರೆಗೆ ಬೆರಳೆಳೆದು ನೋಡಿದಳು. “ಇಷ್ಟು ಹತ್ರಾನಾ? ಅಲ್ಲಿಂದ ನಮ್ಮನೆ ದೀಪ ಕಾಣುತ್ತೆ ಅಕ್ಕಾ.”

ಅವಿನಾಶಿ ಸ್ಟಾಪ್ ಬಂದಾಗ ಇಳಿದುಹೋದಳು.

ಅದು ಬಂಡೆಯೇ ಇರಬಹುದು. ಗಣಪತಿ ಬಡಾವಣೆಯ ನಮ್ಮ ಮನೆ ಸೇರಿದಾಗ, ನಾನು ಬಂದೆನಲ್ಲ ಎಂದು ಅಮ್ಮ ಹೊರಗಿನ ಲೈಟು ಆರಿಸಲು ಕೈಯೆತ್ತಿದಳು. “ಇರ್ಲಿ ಬಿಡಮ್ಮಾ” ಎಂದೆ. ಯಾಕೆಂದು ಅವಳಿಗೆ ಇವತ್ತಿಗೂ ಹೇಳಿಲ್ಲ.