ಉತ್ತರ ಕೊಡದ ಮೇಷ್ಟ್ರು

ಮೊನ್ನೆ ಅಟ್ಟ ಚೊಕ್ಕ ಮಾಡುವಾಗ ಹಳೆಯ ಹೆಡ್‌ಫೋನೊಂದು ಸಿಕ್ಕಿತು. ಕಿವಿಗೆ ತಾಗುವ ಸ್ಪಂಜು ಮುಟ್ಟಿದ ಕೂಡಲೇ ಪುಡಿಯಾಗಿ ಬೆರಳಿಗೆ ಅಂಟಿತು. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದೀತು.

ಅದನ್ನು ಕೊಂಡಾಗ ನಾವು ವಿಜಯನಗರದಲ್ಲಿದ್ದೆವು. ಎಂಟನೇ ಕ್ಲಾಸಿನ ಮಗಳು ಸುಮಾ ಸಂಜೆ ಗೆಳತಿಯರ ಜೊತೆ ಆರ್‌ಪಿಸಿ ಲೇಔಟಿನ ಶಾರದಾ ಟೀಚರ್ ಮನೆಗೆ ಟ್ಯೂಷನ್‌ಗೆ ನಡೆದು ಹೋಗುತ್ತಿದ್ದಳು. ಹದಿನೈದು ನಿಮಿಷದ ದಾರಿಗೆ ಈ ಹುಡುಗಿಯರಿಗೆ ಮುಕ್ಕಾಲು ಗಂಟೆ ಯಾಕೆ ಬೇಕು ಎಂಬುದು ನನ್ನ ತಕರಾರು. ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ತಡ, ಟ್ಯೂಷನ್ ಬಿಡಿಸಿ ಆನ್‌ಲೈನ್ ಪಾಠಕ್ಕೆ ಸೇರಿಸಿದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲಿನ ದೋಷ ಹುಡುಕುವುದು ನನ್ನ ಕೆಲಸ. ಈ ಏರ್ಪಾಟಿನಲ್ಲಿ ನನಗೆ ಒಂದು ದೋಷವೂ ಕಾಣಲಿಲ್ಲ. ನಾನೂ ಹೆಂಡತಿ ಗಿರಿಜಾಳೂ ಕೆಲಸದಿಂದ ಬರುವಾಗ ಏಳಾಗುತ್ತಿತ್ತು. ಅಷ್ಟರಲ್ಲಿ ಪಾಠ ಮುಗಿದಿರುತ್ತಿತ್ತು.

ಎರಡು ತಿಂಗಳಾದ ಮೇಲೆ ಗಿರಿಜಾ, “ಮಗು ಮಾತೇ ಆಡ್ತಾ ಇಲ್ಲ ಕಣ್ರೀ. ಊಟಾನೂ ಸರಿಯಾಗಿ ಮಾಡಲ್ಲ,” ಎಂದಳು.

“ಏಕಾಗ್ರತೆ ಬಂದಿದೆ ಕಣೇ.”

“ಏಕಾಗ್ರತೆ ಬಂದ್ರೆ ಹಸಿವಾಗಲ್ವಾ?”

ನಾನು ಪೇಪರ್ ಓದತೊಡಗಿದೆ.

ಒಂದು ಶನಿವಾರ ಬೇಗ ಮನೆಗೆ ಬಂದೆ. ಸುಮಾ ಆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕುಳಿತು, “ಸಾರ್, ಆ ಮೈನಸ್ ಎಲ್ಲಿಂದ ಬಂತು?” ಎಂದು ಕೇಳುತ್ತಿದ್ದಳು. ಪರದೆಯ ಮೇಲಿದ್ದ ಮೇಷ್ಟ್ರು ನಸುನಕ್ಕು ಮುಂದಿನ ಲೆಕ್ಕಕ್ಕೆ ಹೋದರು. ಅವಳು ಮತ್ತೆ ಕೇಳಿದಳು.

ಮೈಕ್ ಕೆಟ್ಟಿರಬೇಕೆಂದು ನಾನು ವೈರು ಎಳೆದು ನೋಡತೊಡಗಿದೆ.

“ಕೆಟ್ಟಿಲ್ಲ ಅಪ್ಪ. ಇದು ರೆಕಾರ್ಡ್ ಮಾಡಿರೋ ಪಾಠ. ಮೊದಲಿಂದ್ಲೂ ಹಂಗೇ.”

“ಗೊತ್ತಿದ್ದೂ ಕೇಳ್ತೀಯಲ್ಲಮ್ಮ?”

“ಸಂಜೆ ಹೊತ್ತು ಯಾರ ಹತ್ರನಾದ್ರೂ ಮಾತಾಡ್ಬೇಕಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮಾರನೆಯ ದಿನ ಅವಳನ್ನು ಕರೆದುಕೊಂಡು ಶಾರದಾ ಟೀಚರ್ ಮನೆಗೆ ನಡೆದೆ. “ತಪ್ಪಾಯ್ತು ಮೇಡಂ, ಇವಳನ್ನ ವಾಪಸ್ ಸೇರಿಸ್ಕೊಳ್ಳಿ,” ಎಂದೆ.

“ಸೇರಿಸ್ಕೋತೀನಿ ಸಾರ್. ಆದ್ರೆ ತಪ್ಪಾಯ್ತು ಅಂತ ನನಗ್ಯಾಕೆ ಹೇಳ್ತೀರಾ?”

ಬರುವ ದಾರಿಯಲ್ಲಿ ಸುಮಾಗೆ ಹೇಳಿದೆ. ಅವಳು “ಹೂಂ” ಎಂದಳು. ಎರಡು ಕ್ರಾಸ್ ದಾಟಿದ ಮೇಲೆ, ಯಾರದೋ ಗೇಟಿನೊಳಗಿನ ನಾಯಿ ಯಾಕೆ ಕುಂಟುತ್ತದೆ ಎಂಬುದನ್ನು ವಿವರಿಸತೊಡಗಿದಳು. ಆ ರಾತ್ರಿ ಎರಡು ಸಲ ಸಾರು ಹಾಕಿಸಿಕೊಂಡಳು.

ಸುಮಾ ಈಗ ನಾಗರಬಾವಿಯಲ್ಲಿ ಸಂಸಾರ ಹೂಡಿದ್ದಾಳೆ. ಅವಳು ಫೋನ್ ಮಾಡಿದಾಗಲೆಲ್ಲ “ವಿಷಯ ಏನು ಹೇಳಮ್ಮ” ಎಂದುಬಿಡುವುದು ನನ್ನ ಅಭ್ಯಾಸ. ಇವತ್ತು ಬೆಳಿಗ್ಗೆ ಪಕ್ಕದ ಮನೆಯವರ ಹಾಗಲಬಳ್ಳಿ ತನ್ನ ಬಾಲ್ಕನಿಗೆ ಹಬ್ಬಿದ ಸಂಗತಿ ಶುರುಮಾಡಿದಳು. ನಾನು ಕುರ್ಚಿ ಎಳೆದುಕೊಂಡು ಕುಳಿತು, “ಕಾಯಿ ಬಿಟ್ಟಿದೆಯಾ?” ಎಂದು ಕೇಳಿದೆ.