ಕೆಂಪು ಶಾಯಿಯ ಬಸ್ಸು

ಸಿರಾದ ಖಲೀಲುಲ್ಲಾನನ್ನು ಆ ರಸ್ತೆಯ ಜನ ಮೊದಲು ಕರೆಯುತ್ತಿದ್ದದ್ದು ‘ಗಾಳಿ ಸಾಬ್ರು’ ಎಂದು. ಪಾವಗಡದಿಂದ ಹೊರಟು ಮಿಡಿಗೇಶಿ, ಮಧುಗಿರಿ ಹಾದು ಸಿರಾ ಸೇರುವ ಖಾಸಗಿ ಬಸ್ಸಿಗೆ ಅವನು ಡ್ರೈವರು. ಬೆಳಗ್ಗೆ ಅದೇ ಹೊತ್ತಿಗೆ ಪಾವಗಡ ಬಿಡುತ್ತಿದ್ದ ಇನ್ನೊಂದು ಬಸ್ಸು ಕೊರಟಗೆರೆಯದು, ಅದರ ಡ್ರೈವರು ಸಂಜೀವಯ್ಯ. ಯಾರು ಮೊದಲು ಮಿಡಿಗೇಶಿ ಮುಟ್ಟುತ್ತಾರೋ ಅವರಿಗೆ ಅಲ್ಲಿ ಕಾದು ನಿಂತ ಜನವೆಲ್ಲ ಸಿಕ್ಕುತ್ತಿತ್ತು. ಹಾಗಾಗಿ ಇಬ್ಬರೂ ಹಿಂದುಮುಂದು ನೋಡದೆ ಓಡಿಸುವವರೇ. ಒಳಗೆ ಕೂತವರ ಪಾಡು ಮಾತ್ರ ಕೇಳಬೇಡಿ! ಮಿಡಿಗೇಶಿಯಲ್ಲಿ ಇಳಿದವರು ಮೊದಲು ತಮ್ಮ ಕೈಕಾಲು ಮುಟ್ಟಿ ನೋಡಿಕೊಂಡು ಆಮೇಲೆ ಗಂಟುಮೂಟೆ ನೋಡಿಕೊಳ್ಳುತ್ತಿದ್ದರು.

ಐವತ್ತಾರನೇ ಇಸವಿಯ ಸಂಕ್ರಾಂತಿ ಕಳೆದ ವಾರ, ಸಂಜೀವಯ್ಯನನ್ನು ಹಿಂದೆ ಹಾಕುವ ಭರದಲ್ಲಿ ಖಲೀಲುಲ್ಲಾ ಮಿಡಿಗೇಶಿಯಿಂದಾಚೆ ಒಂದು ಎತ್ತಿನ ಗಾಡಿಗೆ ಬಸ್ಸು ತಾಗಿಸಿದ. ಗಾಡಿಯ ಚಕ್ರ ನುಚ್ಚುನೂರಾಯಿತು. ಗಾಡಿ ಹೊಡೆಯುತ್ತಿದ್ದ ಗಂಗಹನುಮಯ್ಯ ಹಳ್ಳಕ್ಕೆ ಬಿದ್ದು ಬಲಗೈ ಮುರಿದುಕೊಂಡ. ಜೀವ ಉಳಿದದ್ದೇ ಪುಣ್ಯ. ಖಲೀಲುಲ್ಲಾ ಕೋರ್ಟಿನಲ್ಲಿ ಸುಳ್ಳು ಹೇಳಲಿಲ್ಲ, ತಪ್ಪಾಯಿತೆಂದು ಕೈಮುಗಿದ. ಮ್ಯಾಜಿಸ್ಟ್ರೇಟರು ದಂಡ ಹಾಕಿದರು. ದಂಡವೇನೋ ಬಸ್ಸಿನ ಯಜಮಾನರು ಕಟ್ಟಿದರು, ಅದು ಮರೆತೂ ಹೋಯಿತು. ಮರೆಯದೇ ಉಳಿದದ್ದು ಇನ್ನೊಂದು. ಸಾಹೇಬರು ಅವನ ಲೈಸನ್ಸಿನ ಪುಸ್ತಕ ಬಿಡಿಸಿ, ಕೆಂಪು ಶಾಯಿಯಲ್ಲಿ ಅವನ ತಪ್ಪನ್ನು ಅದರೊಳಗೇ ಬರೆದರು.

“ಮೂರು ವರ್ಷ ಇದರ ಕೆಳಗೆ ಇನ್ನೊಂದು ಗೆರೆ ಬೀಳದಿದ್ದರೆ ಬರಹವಿಲ್ಲದ ಹೊಸ ಲೈಸನ್ಸು ಕೇಳಿ ಪಡೆಯಬಹುದು,” ಎಂದರು ಸಾಹೇಬರು. “ಬಿತ್ತೋ, ನೀನು ಸ್ಟೀರಿಂಗ್ ಮರೆತುಬಿಡು.”

ಮನೆಯಲ್ಲಿ ಹೆಂಡತಿ ಅಫ್ಜಲುನ್ನೀಸಾಗೆ ಓದು ಬರುತ್ತಿರಲಿಲ್ಲ. ಆದರೂ ಆ ಬರಹವನ್ನು ಬಹಳ ಹೊತ್ತು ನೋಡಿದಳು. “ರಕ್ತದ ಹಾಗೆ ಕಾಣುತ್ತೆ ಜೀ,” ಎಂದಳು. ಅವನು ಉಣ್ಣುತ್ತಿದ್ದ ತಟ್ಟೆಯನ್ನು ಅರ್ಧಕ್ಕೇ ಸರಿಸಿ ಎದ್ದ. ಸ್ಟೀರಿಂಗ್ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಅಂದಿನಿಂದ ಗಾಳಿ ನಿಂತಿತು. ನಿಂತಿತು ಎಂದರೆ ಎಲೆ ಅಲುಗದ ಹಾಗೆ ನಿಂತಿತು! ತಿರುವಿಗೆ ಮೊದಲೇ ಹಾರನ್ನು, ಕುರಿ ಕಂಡರೆ ಬ್ರೇಕು, ಶಾಲೆ ಬಿಡುವ ಹೊತ್ತಾದರೆ ಎತ್ತಿನ ನಡಿಗೆ. ಕಂಡಕ್ಟರ್ ರೇಣುಕಯ್ಯ ಮೊದಮೊದಲು ನಾಚಿಕೆಯಿಂದ ಕಿಟಕಿಯ ಹೊರಗೆ ಮುಖ ಹಾಕುತ್ತಿರಲಿಲ್ಲ. ಸಂಜೀವಯ್ಯ ಪಕ್ಕದಲ್ಲೇ ಭರ್ರನೆ ಹಾದು, “ಏನ್ ಸಾಬ್ರೆ, ಬಸ್ಸಿಗೆ ಜ್ವರ ಬಂದೈತಾ?” ಎಂದು ಕೂಗುತ್ತಿದ್ದ. ಅವನ ಲೈಸನ್ಸಿನಲ್ಲೂ ಕೆಂಪು ಬರಹ ಇತ್ತು ಅನ್ನಿ, ಅದೂ ಎರಡು ಕಡೆ; ಎರಡನೆಯದು ಬಿದ್ದಾಗ ಯಾರಯಾರದೋ ಕೈಕಾಲು ಹಿಡಿದು ಲೈಸನ್ಸು ಉಳಿಸಿಕೊಂಡಿದ್ದ. “ಒಂದಿದ್ರೇನು, ಎರಡಿದ್ರೇನು, ಗಾಡಿ ಓಡೋದು ಡೀಸೆಲ್ಲಿಂದ, ಶಾಯಿಯಿಂದಲ್ಲ,” ಎನ್ನುವ ಭಂಡ ಅವನು. ಒಬ್ಬನ ಕಾಲು ಕಟ್ಟಿದ ಅದೇ ಶಾಯಿ ಇನ್ನೊಬ್ಬನಿಗೆ ನೀರಿನ ಸಮ ಆಗಿತ್ತು.

ಆದರೆ ತಮಾಷೆ ನೋಡಿ. ವರ್ಷ ತುಂಬುವುದರೊಳಗೆ ಖಲೀಲುಲ್ಲಾನ ಬಸ್ಸಿಗೆ ಬೇರೆಯೇ ಜನ ಹತ್ತತೊಡಗಿದರು. ಮಡಕೆ ಮಾರುವವರು ಬಂದರು, ಕೂಸು ಎತ್ತಿಕೊಂಡ ಬಾಣಂತಿಯರು ಬಂದರು. “ಆಸ್ಪತ್ರೆಗೆ ಸಾಬ್ರ ಬಸ್ಸಲ್ಲೇ ಹೋಗು ಕಣಮ್ಮ” ಎಂದು ಅತ್ತೆಯರು ಬಸುರಿ ಸೊಸೆಯರಿಗೆ ಹೇಳಿ ಕಳಿಸುತ್ತಿದ್ದರು. ಮಿಡಿಗೇಶಿಯ ಚಿಕ್ಕಲಕ್ಷ್ಮಮ್ಮ ಮಧುಗಿರಿ ಸಂತೆಗೆ ಮೊಟ್ಟೆ ಬುಟ್ಟಿ ಹೊತ್ತು ಹೋಗುವವಳು. ಡ್ರೈವರನ ಹಿಂದಿನ ಸೀಟು ಅವಳದೇ, ಬೇರೆ ಯಾರಾದರೂ ಕೂತರೆ ಬೈದು ಏಳಿಸುತ್ತಿದ್ದಳು.

“ನಿನ್ನ ಪುಸ್ತಕದಾಗೆ ಆ ಕೆಂಪು ಇರೋವರ್ಗೂ ನನ್ನ ಮೊಟ್ಟೆಗೆ ಭಯ ಇಲ್ಲ ಕಣಣ್ಣ,” ಎನ್ನುವಳು. ಬಸ್ಸಿಡೀ ನಗುತ್ತಿತ್ತು. ಖಲೀಲುಲ್ಲಾನೂ ನಗುತ್ತಿದ್ದ, ಆದರೆ ಆ ಮಾತು ಅವನಿಗೆ ಎಲ್ಲೋ ಚುಚ್ಚುತ್ತಿತ್ತು.

ಆ ರಸ್ತೆಯಲ್ಲಿ ಇನ್ನೊಂದು ಕಾಟ ಇತ್ತು. ಮಿಡಿಗೇಶಿಯಿಂದಾಚೆ ಒಂದು ತುಂಡಿಗೆ ಟಾರು ಬಿದ್ದ ಮೇಲೆ ಪಕ್ಕದ ಹಳ್ಳಿಯವರಿಗೆ ಬಿಟ್ಟಿ ಕಣ ಸಿಕ್ಕಂತಾಯಿತು. ಹುರುಳಿ ಕಿತ್ತ ಕಾಲಕ್ಕೆ ಗಿಡಗಳನ್ನು ತಂದು ರಸ್ತೆಗೆ ಅಡ್ಡಲಾಗಿ ಮೊಣಕಾಲೆತ್ತರ ಹರಡಿಬಿಡುವರು. ಬಸ್ಸು ಲಾರಿ ಅದರ ಮೇಲೆ ಹಾದರೆ ಕಾಯಿ ಒಡೆದು ಕಾಳು ಉದುರುತ್ತದೆ, ಎತ್ತು ಕಟ್ಟುವ ಕೆಲಸವೇ ಇಲ್ಲ. ಬೇರೆ ಡ್ರೈವರುಗಳು ಬೈದುಕೊಂಡು ಹಾದುಹೋಗುತ್ತಿದ್ದರು. ಖಲೀಲುಲ್ಲಾ ಮಾತ್ರ ಅಂಥ ಕಡೆ ಬಸ್ಸು ನಿಲ್ಲಿಸಿ, ಸೀಟಿನ ಹಿಂದಿಟ್ಟ ಹುಣಸೆ ಕೋಲು ತಗೊಂಡು ಇಳಿದು, ಆ ತುದಿಯಿಂದ ಈ ತುದಿಗೆ ಹುರುಳಿಯನ್ನು ತಿವಿದು ನೋಡಿಯೇ ಮುಂದಕ್ಕೆ ಹೋಗುವುದು. ಒಳಗೆ ಮಗು ಇದ್ದರೆ? ಕುರಿಮರಿ ಇದ್ದರೆ? ಒಂದು ಸಲ ಒಂದು ಕೋಳಿ ಸಿಕ್ಕಿತ್ತು, ಇನ್ನೊಂದು ಸಲ ಯಾರೋ ಮರೆತ ಕುಡುಗೋಲು. “ಸಾಬ್ರು ನಿಧಿ ಹುಡುಕ್ತಾವ್ರೆ” ಎಂದು ಒಳಗಿದ್ದವರು ಆಡಿಕೊಳ್ಳುತ್ತಿದ್ದರು.

ಮೂರು ವರ್ಷ ತುಂಬಲು ಇನ್ನೊಂದು ತಿಂಗಳಿತ್ತು. ಅದೇ ಸಮಯಕ್ಕೆ ಆ ರಸ್ತೆಗೂ ಸರ್ಕಾರಿ ಬಸ್ಸು ಬರುತ್ತದಂತೆ, ಲೈಸನ್ಸಿನಲ್ಲಿ ಕೆಂಪು ಇರುವವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲವಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಖಲೀಲುಲ್ಲಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓಡಿಸುತ್ತಿದ್ದ. ಒಂದು ತಿಂಗಳು, ಒಂದೇ ಒಂದು ತಿಂಗಳು ದಾಟಿಸು ಅಲ್ಲಾ ಎನ್ನುತ್ತಿದ್ದ.

ಅಂಥದ್ದರಲ್ಲಿ ಒಂದು ಬೆಳಗ್ಗೆ ಚಿಕ್ಕಲಕ್ಷ್ಮಮ್ಮ ಮೊಟ್ಟೆ ಬುಟ್ಟಿ ಇಲ್ಲದೆ ಬಸ್ಸು ಹತ್ತಿದಳು. ತುಂಬು ಬಸುರಿ ಮಗಳು ಹನುಮಕ್ಕನನ್ನು ತಬ್ಬಿ ಹಿಡಿದಿದ್ದಳು. ಹನುಮಕ್ಕ ತುಟಿ ಕಚ್ಚಿ ನರಳುತ್ತಿದ್ದಳು.

“ನೋವು ಬಂದ್ಬುಟ್ಟೈತೆ ಕಣಣ್ಣ, ಮಧುಗಿರಿ ಆಸ್ಪತ್ರೆ ಮುಟ್ಸು. ಓಡ್ಸು!”

ಬಸ್ಸು ಹೊರಟಿತು. ಹನುಮಕ್ಕ ಒಮ್ಮೆ ಚೀರಿದ್ದೇ ತಡ, ನಿಧಾನ ಬೇಕು ನಿಧಾನ ಬೇಕು ಎಂದು ಈ ಬಸ್ಸು ಹಿಡಿದಿದ್ದ ಜನವೆಲ್ಲ ಒಂದೇ ಬಾಯಲ್ಲಿ ಕೂಗತೊಡಗಿದರು. “ಏನ್ ಸಾಬಣ್ಣ, ತೆವಳ್ತೀಯಾ?” “ಒತ್ತು, ಒತ್ತು!” ಪಾವಗಡದ ಜವಳಿ ಶೆಟ್ಟರೊಬ್ಬರು ಎದ್ದು ನಿಂತು, “ತೊಂದರಗಾ ಪೋನಿಯ್ಯಣ್ಣಾ!” ಎಂದು ತೆಲುಗಿನಲ್ಲಿ ಅವಸರಿಸಿದರು. ಖಲೀಲುಲ್ಲಾ ಆದಷ್ಟೂ ಬೇಗ ಓಡಿಸಿದ. ಅವನಿಗೂ ಹೆಣ್ಣುಮಕ್ಕಳಿದ್ದರು, ಆ ನರಳಾಟ ಕೇಳಲಾಗುತ್ತಿರಲಿಲ್ಲ.

ಟಾರು ರಸ್ತೆಯ ತುಂಡು ಬಂತು. ನಡುವೆ ಹುರುಳಿ ಹರಡಿತ್ತು, ಇನ್ನೂ ಇಬ್ಬನಿ ಆರಿರಲಿಲ್ಲ.

ಇವತ್ತೊಂದು ದಿನ ತಿವಿಯದಿದ್ದರೆ ಏನಾದೀತು ಎಂದು ಅವನ ಮನಸ್ಸು ಹೇಳಿತು. ಯಾವಾಗ ಏನು ಸಿಕ್ಕಿದೆ, ಒಂದು ಕೋಳಿ! ಕಾಲು ಬ್ರೇಕಿನ ಮೇಲೆ ಬಂದದ್ದು ಯಾರ ಮೇಲಿನ ಕರುಣೆಯಿಂದಲೂ ಅಲ್ಲ. ಇನ್ನೊಂದು ಗೆರೆ ಬಿದ್ದರೆ ಎಂಬ ಹಾಳು ಭಯ, ಅಷ್ಟೇ. ಬಸ್ಸು ನಿಂತಿತು. ಅವನು ಕೋಲು ಹಿಡಿದು ಇಳಿದ.

“ನನ್ನ ಮಗಳು ಸಾಯ್ತಾವ್ಳೆ, ನೀನು ಹುರುಳಿ ತಿವೀತಾ ನಿಂತ್ಯಲ್ಲೋ ಪಾಪಿ!” ಎಂದು ಚಿಕ್ಕಲಕ್ಷ್ಮಮ್ಮ ಕಿಟಕಿಯಿಂದ ಎದೆ ಬಡಿದುಕೊಂಡಳು. ರೇಣುಕಯ್ಯ ಹಲ್ಲು ಕಡಿದ. ಖಲೀಲುಲ್ಲಾ ಓಡೋಡುತ್ತ ತಿವಿದ. ಒಂದು ಕಡೆ, ಎರಡು ಕಡೆ. ನಡುವಿನಲ್ಲಿ ಕೋಲು ಮೆತ್ತಗೆ ಏನಕ್ಕೋ ತಾಗಿತು.

“ಅಯ್ಯಪ್ಪಾ!” ಎಂದಿತು ಹುರುಳಿ.

ಗಿಡಗಳನ್ನು ಸರಿಸಿಕೊಂಡು ಕಂಬಳಿ ಹೊದ್ದ ಒಬ್ಬ ಮನುಷ್ಯ ಎದ್ದು ಕೂತ. ಸೊಟ್ಟಗೆ ಕೂಡಿದ ಬಲಗೈಯಿಂದ ಕಣ್ಣು ಉಜ್ಜಿಕೊಂಡ. ಗಂಗಹನುಮಯ್ಯ! ರಾತ್ರಿಯೆಲ್ಲ ಹುರುಳಿ ಕಾದು, ಬೆಳಗಿನ ಜಾವದ ಚಳಿಗೆ ಅದನ್ನೇ ಮೈಮೇಲೆ ಎಳೆದುಕೊಂಡು ಮಲಗಿಬಿಟ್ಟಿದ್ದ.

“ಲೇ ಸಾಬಣ್ಣ, ನೀನೇನ್ಲಾ? ನನ್ನ ಈ ಜನ್ಮದಾಗೆ ಬುಡಾಕಿಲ್ವಾ ನೀನು?” ಎಂದ.

ಹಿಂದಿನಿಂದ ಹಾರನ್ನು ಕೇಳಿಸಿತು, ಅಂದು ಪಾವಗಡ ತಡವಾಗಿ ಬಿಟ್ಟಿದ್ದ ಸಂಜೀವಯ್ಯನ ಬಸ್ಸು ಬರುತ್ತಿತ್ತು. ಖಲೀಲುಲ್ಲಾ ಗಂಗಹನುಮಯ್ಯನ ರಟ್ಟೆ ಹಿಡಿದು ರಸ್ತೆ ಪಕ್ಕಕ್ಕೆ ಎಳೆದ. ಕೊರಟಗೆರೆ ಬಸ್ಸು ನಿಂತ ಬಸ್ಸನ್ನು ಬಳಸಿಕೊಂಡು, ವೇಗ ಒಂದಿಷ್ಟೂ ತಗ್ಗಿಸದೆ, ಆ ಹುರುಳಿಯ ಮೇಲೆ ಗರಗರನೆ ಹಾದುಹೋಯಿತು. ಗಂಗಹನುಮಯ್ಯ ಮಲಗಿದ್ದ ಜಾಗದಲ್ಲಿ ಗಾಲಿಯ ಗುರುತು ಬಿತ್ತು. ಕಾಳು ಸಿಡಿದು ಇಬ್ಬರ ಮುಖಕ್ಕೂ ಹೊಡೆಯಿತು.

ಗಂಗಹನುಮಯ್ಯ ಆ ಗುರುತನ್ನು ನೋಡಿದ, ಕಂಬಳಿ ಸಮೇತ ಕುಸಿದು ಕೂತ. ಬಸ್ಸಿನೊಳಗೆ ಹನುಮಕ್ಕ ನರಳುವುದನ್ನು ಮರೆತಿದ್ದಳು.

ಆಮೇಲೆ ಮಧುಗಿರಿಯವರೆಗೆ ಬೇಗ ಹೋಗು ಎಂದು ಯಾರೂ ಹೇಳಲಿಲ್ಲ. ಆಸ್ಪತ್ರೆಯ ನರ್ಸಮ್ಮ ಹನುಮಕ್ಕನ ಹೊಟ್ಟೆ ಮುಟ್ಟಿ ನೋಡಿ, “ಸುಳ್ಳು ನೋವು ಕಣಮ್ಮ, ಇನ್ನೂ ಹೊತ್ತೈತೆ,” ಎಂದು ನಕ್ಕಳಂತೆ. ಮರುವಾರ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಗಟ್ಟಿಮುಟ್ಟು.

ಅಂದು ಮನೆ ಸೇರಿದ ಖಲೀಲುಲ್ಲಾ ಹೆಂಡತಿಯ ಮುಂದೆ ಕೂತು ಮಗುವಿನ ಹಾಗೆ ಅತ್ತುಬಿಟ್ಟ. ಅಫ್ಜಲುನ್ನೀಸಾ ಗಾಬರಿಯಾಗಿ, “ಯಾರಿಗೆ ಏನಾಯ್ತು?” ಎಂದಳು. “ಏನೂ ಆಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ,” ಎಂದು ಅದನ್ನೇ ಹೇಳಿದ. ಅವಳು “ಶುಕರ್ ಹೈ” ಎಂದು ಸೆರಗಿನಿಂದ ಅವನ ಮುಖ ಒರೆಸಿದಳು. ಅಂಥ ನೆಮ್ಮದಿಯ ಅಳು ಅವನು ಹಿಂದೆಂದೂ ಅತ್ತಿರಲಿಲ್ಲ.

ತಿಂಗಳು ದಾಟಿತು. ಸಾಬ್ರು ತುಮಕೂರಿಗೆ ಹೋಗಿ ಕೆಂಪು ತೆಗೆಸಿಕೊಂಡು ಬರುತ್ತಾರೆಂಬ ಸುದ್ದಿ ಬಸ್ಸಿನಲ್ಲಿ ಹಬ್ಬಿತು. ಸಂತೋಷಪಡಬೇಕೋ ಬೇಡವೋ? ಹೆಂಗಸರ ಮುಖ ಸಪ್ಪಗಾಯಿತು.

“ತೆಗುಸ್ಬೇಡ ಕಣಣ್ಣ,” ಎಂದಳು ಚಿಕ್ಕಲಕ್ಷ್ಮಮ್ಮ. “ಅದರ ಪಾಡಿಗೆ ಅದು ಇರ್ಲಿ ಬುಡು. ಅದು ಹೋದ್ರೆ ನೀನು ಮತ್ತೆ ಗಾಳಿ ಆಗ್ತೀಯ. ಬೇಕಾದ್ರೆ ನಾವೆಲ್ಲ ಬಂದು ಸಾಹೇಬ್ರಿಗೆ ಕೈಮುಗಿದು ಹೇಳ್ತೀವಿ.”

“ಬಸ್ಸು ಓಡಿಸೋನು ನಾನಾ, ಆ ಶಾಯೀನಾ ಅಕ್ಕ?” ಎಂದು ಖಲೀಲುಲ್ಲಾ ರೇಗಿದ.

ರೇಗಿದ್ದೇನೋ ರೇಗಿದ, ಆದರೆ ಹುರುಳಿಯ ಮುಂದೆ ಬ್ರೇಕು ತುಳಿದದ್ದು ಭಯ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಭಯ ಹೋದ ಮೇಲೆ ತುಳಿಯುವವರು ಯಾರು? ಈ ಯೋಚನೆ ಅವನನ್ನು ತುಮಕೂರಿನವರೆಗೂ ಕಾಡಿತು, ವಾಪಸು ಬರುವಾಗಲೂ ಬಿಡಲಿಲ್ಲ.

ಹೊಸ ಲೈಸನ್ಸು ಜೇಬಿನಲ್ಲಿಟ್ಟುಕೊಂಡು ಓಡಿಸಿದ ಮೊದಲ ದಿನ, ಮಿಡಿಗೇಶಿಯಲ್ಲಿ ಚಿಕ್ಕಲಕ್ಷ್ಮಮ್ಮ ಬುಟ್ಟಿ ತಬ್ಬಿಕೊಂಡು ಅನುಮಾನದಿಂದಲೇ ಹತ್ತಿದಳು. ಊರು ದಾಟುತ್ತಲೇ ಸಂಜೀವಯ್ಯ ಪಕ್ಕಕ್ಕೆ ಬಂದ. “ಬೇಡಿ ಕಳಚಿದ್ರಂತಲ್ಲ ಸಾಬ್ರೆ, ಈಗ್ಲಾದ್ರೂ ಬನ್ನಿ!” ಎಂದು ಕೂಗಿ ಮುಂದೆ ಹೋದ.

ಖಲೀಲುಲ್ಲಾ ಒತ್ತಿಬಿಟ್ಟ. ಮೂರು ವರ್ಷದ ಮೇಲೆ ಮೊದಲ ಸಲ ಬಸ್ಸು ಹಾರಿತು. ಕಿಟಕಿಗಳು ಗಡಗಡ ಎಂದವು, ಅವನ ಕಿವಿಯಲ್ಲಿ ಗಾಳಿ ತುಂಬಿತು, ಹಾಯೆನಿಸಿತು. ಹಿಂದೆ ಕೂಸುಗಳು ಕಿರುಚಿದವು. ಬುಟ್ಟಿಯೊಳಗೆ ಟಪ್ಪೆಂದು ಏನೋ ಒಡೆಯಿತು.

“ನಾನು ಹೇಳ್ಲಿಲ್ವಾ!” ಎಂದು ಚಿಕ್ಕಲಕ್ಷ್ಮಮ್ಮ ಅಳುವ ದನಿಯಲ್ಲಿ ಅಂದಳು.

ಟಾರು ತುಂಡು ಬಂತು. ಯಾರದೋ ಕೊನೆಯ ಹುರುಳಿ ರಸ್ತೆಯಲ್ಲಿ ಹರಡಿತ್ತು. ಸಂಜೀವಯ್ಯನ ಬಸ್ಸು ಅದರ ಮೇಲೆ ಆಗಲೇ ಹಾದುಹೋಗಿತ್ತು. ಅಂದರೆ ತಿವಿದು ನೋಡುವುದಕ್ಕೆ ಈಗ ಅರ್ಥವೇ ಇರಲಿಲ್ಲ.

ಅವನ ಕಾಲು ಬ್ರೇಕು ಒತ್ತಿತು. ಜೇಬಿನಲ್ಲಿ ಕೆಂಪು ಇರಲಿಲ್ಲ, ಹೆದರಿಸುವ ಸಾಹೇಬರಿರಲಿಲ್ಲ, ಕಣ್ಣ ಮುಂದಿದ್ದದ್ದು ಕಂಬಳಿ ಹೊದ್ದು ಎದ್ದು ಕೂತ ಒಬ್ಬ ಸೊಟ್ಟ ಕೈಯವನು ಮಾತ್ರ. ಖಲೀಲುಲ್ಲಾ ಕೋಲು ತಗೊಂಡು ಇಳಿದ. ಆ ತುದಿಯಿಂದ ಈ ತುದಿಯವರೆಗೆ ತಿವಿದ, ಸಾಲದೆಂದು ಬಗ್ಗಿ ಕೈಯಿಂದಲೂ ಗಿಡ ಸರಿಸಿ ನೋಡಿದ. ಆಮೇಲೆ ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ದೊಡ್ಡದಾಗಿ ಉಸಿರು ಬಿಟ್ಟ. ಅವನ ಮುಖದಲ್ಲಿ ನಗು ಬಂತು.

ಬಸ್ಸಿನಿಂದ ಒಬ್ಬರೂ ಅವನನ್ನು ಆಡಿಕೊಳ್ಳಲಿಲ್ಲ. ಚಿಕ್ಕಲಕ್ಷ್ಮಮ್ಮ ಕಿಟಕಿಯಿಂದ ತಲೆ ಹಾಕಿದಳು.

“ಯಾರಾನಾ ಅವ್ರಾ ಅಣ್ಣ?”

“ಯಾರೂ ಇಲ್ಲಕ್ಕ.”

“ಸದ್ಯ,” ಎಂದಳು ಅವಳು. ಒಡೆದ ಮೊಟ್ಟೆಯನ್ನು ಹೊರಗೆ ಚೆಲ್ಲಿ, ಉಳಿದವನ್ನು ಹುಲ್ಲಿನಲ್ಲಿ ಸರಿಮಾಡಿಟ್ಟುಕೊಂಡು, ಬುಟ್ಟಿಯನ್ನು ತೊಡೆಯಿಂದ ಇಳಿಸಿ ಕಾಲ ಬಳಿ ಇಟ್ಟಳು.