ಕೌದಿಯ ಕಡೆಯ ಮೂಲೆ

ಸಗರದ ಮಹಿಳಾ ಸಂಘಕ್ಕೆ ಬರೆದ ಬೋರ್ಡನ್ನು ಯಾದಗಿರಿಯಿಂದ ಬಸ್ಸಿನಲ್ಲಿ ತಂದೆ. ಸಂಘದ ಗುರುತು ಅವರೇ ಹಳೇ ಬಟ್ಟೆ ಜೋಡಿಸಿ ಹೊಲಿಯುವ ಕೌದಿ. ಅವರು ಕಳಿಸಿದ ಚಿತ್ರದಲ್ಲಿ ಒಂದು ಮೂಲೆಗೆ ಹೊಲಿಗೆಯಿರಲಿಲ್ಲ. ಮರೆತಿರಬೇಕೆಂದು ನಾನೇ ಹಾಕಿದ್ದೆ. ಕೌದಿ ಹೊದ್ದವನು ನಾನು, ಹೊಲಿದವನಲ್ಲ.

"ಮೂಲಿ ಯಾಕ ಮುಚ್ಚೀರಿ?" ಎಂದರು ಸಂಘದ ಹಿರಿಯರಾದ ನೀಲವ್ವ. "ಕೌದೀನ ಬರೇ ಹೊಟ್ಟೀಲೆ ಮುಚ್ಚಂಗಿಲ್ರಿ. ನಾಕು ಕಾಳು ಜ್ವಾಳ ಹಾಕೇ ಕಡೀ ಮೂಲಿ ಹೊಲಿಯೋದು. ಸಂಘಕ್ಕ ಬರೋ ಮಂದಿ ಇನ್ನಾ ಅದಾರ, ಮೂಲಿ ತೆರಕೊಂಡೇ ಇರ್ಲಿ."

ನಾಚಿಕೆಯಾಗಿ, ಅಲ್ಲೇ ಕೂತು ಆ ಹೊಲಿಗೆ ಅಳಿಸಿದೆ. ಹೊರಡುವಾಗ ನನ್ನ ಬಣ್ಣದ ಚೀಲದ ಬಾಯಿಯನ್ನು ನೀಲವ್ವ ತಾವೇ ಕಟ್ಟಿಕೊಟ್ಟರು.

ಈಗ ವಾಪಸು ಬಸ್ಸಿನಲ್ಲಿ ಬ್ರಷ್ ಒರೆಸಲೆಂದು ಚೀಲ ಬಿಚ್ಚಿದರೆ, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ. ಇನ್ನೂ ಬೆಚ್ಚಗಿವೆ.